ಗ್ವಾನಹ್ವಾತೊದಿಂದ ಅಪ್ಪನಿಗೊಂದು ಕಲ್ಲು

ಫೋಟೊ ನೋಡಿದವರೆಲ್ಲ ಕೇಳಿದ್ದು ಒಂದೇ ಮಾತು: "ಫಿಲ್ಟರ್ ಹಾಕಿದ್ದೀಯಾ?"

ಇಲ್ಲ. ಮೆಕ್ಸಿಕೊದ ಗ್ವಾನಹ್ವಾತೊ ಅನ್ನುವ ಆ ಊರೇ ಹಾಗಿದೆ. ಒಂದು ಮನೆ ಅರಿಶಿನ, ಪಕ್ಕದ್ದು ಕುಂಕುಮ, ಅವೆರಡರ ಹೆಗಲ ಮೇಲೆ ಹತ್ತಿ ಕೂತಂತಿರುವ ಮೂರನೆಯದು ನವಿಲು ನೀಲಿ. ಇಳಕಲ್‌ನ ಅಂಗಡಿಗಳಲ್ಲಿ ಗಿರಾಕಿ ಮುಂದೆ ಸೀರೆ ಬಿಚ್ಚಿ ಬಿಚ್ಚಿ ಎಸೆಯುತ್ತಾರಲ್ಲ, ಒಂದನ್ನೂ ಮಡಚದೆ, ಹಾಗೆ ಗುಡ್ಡದ ಮೈಮೇಲೆ ಮನೆಗಳು ಬಿದ್ದುಕೊಂಡಿವೆ.

ಪುಣೆ ಪಕ್ಕದ ಚಿಂಚವಡದ ನಮ್ಮ ಸೊಸೈಟಿಯಲ್ಲಿ ಕನ್ನಡದ ಮನೆ ಆರು. ಭಾನುವಾರ ಸಂಜೆ ಯಾರದಾದರೂ ಮನೆಯಲ್ಲಿ ಚಹಾ ಇರುತ್ತದೆ. ನಾನು ಮೆಕ್ಸಿಕೊದಿಂದ ಬಂದ ವಾರ ನಮ್ಮ ಸರದಿ. ಟಿವಿಗೆ ಫೋನ್ ಜೋಡಿಸಿ ಫೋಟೊ ತೋರಿಸುತ್ತಿದ್ದೆ. ಫಿಲ್ಟರ್ ಎಂದು ಮೊದಲು ಅಂದವರು ಧಾರವಾಡದ ಅಕ್ಕ. ಹೋಟೆಲ್ ಇಟ್ಟಿರುವ ಕುಂದಾಪುರದ ಅಣ್ಣ ಕಣ್ಣು ಕಿರಿದು ಮಾಡಿ ನೋಡಿ, "ನಮ್ಮ ಪರ್ವತಿ ಗುಡ್ಡದ ಮನೆಗಳಿಗೆ ಪೇಂಟ್ ಹೊಡೆದ ಹಾಗೆ ಉಂಟಲ್ಲ ಮಾರಾಯ್ರೆ" ಅಂದರು. ತಪ್ಪೇನೂ ಹೇಳಲಿಲ್ಲ. ಗುಡ್ಡಕ್ಕೆ ಅಂಟಿಕೊಂಡು ಮನೆ ಕಟ್ಟಿದವರ ಕಷ್ಟ ಎಲ್ಲ ಕಡೆ ಒಂದೇ. ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವ ಹುಡುಗನನ್ನು ನಾನು ಅಲ್ಲೂ ನೋಡಿದೆ.

ಅಪ್ಪ ಮಾತ್ರ ಬಣ್ಣದ ಬಗ್ಗೆ ಏನೂ ಅನ್ನಲಿಲ್ಲ. ಅವರು ಕೇಳಬೇಕಾದ್ದನ್ನು ಮುಂಚೆಯೇ ಕೇಳಿಯಾಗಿತ್ತು. ನಾನು ಅಲ್ಲಿನ ಗುಡ್ಡದ ತುದಿಯಿಂದ ವಿಡಿಯೊ ಕಾಲ್ ಮಾಡಿ ಇಡೀ ಊರನ್ನು ತೋರಿಸಿದಾಗ ಹೆಂಡತಿ "ಅಯ್ಯೋ ಎಷ್ಟ್ ಚೆಂದ" ಅಂದಳು, ಮಗಳು ಕಿರುಚಿದಳು. ಅಪ್ಪ ಫೋನನ್ನು ಮುಖದ ಹತ್ತಿರ ಹಿಡಿದು ಕೇಳಿದ್ದು: "ಅದರ ಕೆಳಗ ಏನೈತಿ?"

ಅಪ್ಪ 31 ವರ್ಷ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಆಫೀಸಿನಲ್ಲಿ ಅಲ್ಲ, ನೆಲದ ಕೆಳಗೆ. ಪುಣೆ ಮೆಟ್ರೊ ಶಿವಾಜಿನಗರದ ಹತ್ತಿರ ನೆಲದಡಿ ಇಳಿಯುತ್ತದಲ್ಲ, ಉಳಿದವರೆಲ್ಲ ಫೋನ್ ನೋಡುತ್ತಿದ್ದರೆ ಇವರು ಕಿಟಕಿಗೆ ಮೂಗು ಹಚ್ಚಿ ಕತ್ತಲೆ ಗೋಡೆ ನೋಡುತ್ತಾರೆ. ಊರು ಅಂದರೆ ಅವರಿಗೆ ಮೇಲಿನದು ಆಮೇಲೆ.

ಸರಿ, ಮೊದಲು ನಾನು ಅಲ್ಲಿಗೆ ಹೋದದ್ದು ಹೇಗೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕಂಪನಿ ಚಾಕಣದಲ್ಲಿ ಕಾರಿನ ಬಿಡಿಭಾಗ ಮಾಡುತ್ತದೆ. ಮೆಕ್ಸಿಕೊದ ಸಿಲಾವೊ ಅನ್ನುವ ಊರಿನ ಸುತ್ತ ದೊಡ್ಡ ದೊಡ್ಡ ಕಾರ್ ಕಾರ್ಖಾನೆಗಳಿವೆ, ಚಾಕಣದ ಹಾಗೇ. ಅಲ್ಲೊಂದು ಲೈನ್ ಹಾಕಿ ಓಡಿಸಿ ಕೊಡಲು ಜುಲೈನಲ್ಲಿ ನನ್ನನ್ನು ಕಳಿಸಿದರು. ಅಮೆರಿಕದ ವೀಸಾ ಇದ್ದಿದ್ದರಿಂದ ಮೆಕ್ಸಿಕೊಗೆ ಬೇರೆ ವೀಸಾ ಬೇಕಾಗಲಿಲ್ಲ. ನಾನು ತಲುಪಿದೆ, ಮಷೀನ್ ತಲುಪಲಿಲ್ಲ. ಪೆಟ್ಟಿಗೆಗಳು ಬಂದರಿನಲ್ಲೇ ಕೂತಿದ್ದವು. ನಾಲ್ಕು ದಿನ ನನಗೆ ಕೆಲಸವಿಲ್ಲ. ಗ್ವಾನಹ್ವಾತೊ ಅಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಮ್ಮ ಆಫೀಸಿನಲ್ಲಿ ಎಲ್ಲರೂ 'ಗುವಾನಜುವಾಟೊ' ಅನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡು ಹೋಗಿ ಟಿಕೆಟ್ ಕೌಂಟರಿನಲ್ಲಿ ನಗೆಗೀಡಾದೆ. 'ಜ' ಅಲ್ಲ, 'ಹ'. ಮೆಕ್ಸಿಕೊದ ಮೂಲ ಜನರ ಪುರೆಪೆಚಾ ಮಾತಿನಿಂದ ಬಂದ ಹೆಸರು, ಕಪ್ಪೆಗಳ ಜಾಗ ಅಂತ ಅರ್ಥವಂತೆ. ಕಪ್ಪೆಯ ಕಲ್ಲು ಗೊಂಬೆಗಳೂ ಊರಲ್ಲಿ ಇವೆ.

ಕಾರ್ಖಾನೆಯ ಒಬ್ಬ ಹುಡುಗ, ಎಂಜಿನಿಯರ್, ಜೊತೆಗೆ ಬಂದ. ಅಲ್ಲಿ ಎಂಜಿನಿಯರುಗಳನ್ನು 'ಇಂಹೆ' ಅಂತ ಕರೆಯುತ್ತಾರೆ, ನಾವು 'ಸಾಹೇಬ್ರ' ಅನ್ನುವ ಧಾಟಿಯಲ್ಲಿ. ಅವನಿಗೆ ನಾನು ಇಂಹೆ, ನನಗೆ ಅವನು ಇಂಹೆ. ಅವನಿಗೆ ಗೊತ್ತಿದ್ದ ಇಂಗ್ಲಿಷೂ ನನಗೆ ಗೊತ್ತಿದ್ದ ಇಂಗ್ಲಿಷೂ ಬೇರೆ ಬೇರೆ. ಹೇಗೋ ನಡೆಯಿತು.

ಬಸ್ಸು ಊರೊಳಗೆ ಹೋಗುತ್ತದೆ ಅಂದುಕೊಂಡಿದ್ದೆ. ಅದು ಊರ ಕೆಳಗೆ ಹೋಯಿತು. ಒಮ್ಮೆಗೇ ಬೆಳಕು ಹೋಗಿ, ಎರಡೂ ಕಡೆ ಕಲ್ಲಿನ ಗೋಡೆ, ತಲೆ ಮೇಲೆ ಕಮಾನು, ಹಳದಿ ದೀಪ. ಸುರಂಗ ಒಂದು ಕಡೆ ಇನ್ನೊಂದು ಸುರಂಗಕ್ಕೆ ಸೇರುತ್ತದೆ, ಅಲ್ಲಿ ಸಿಗ್ನಲ್ ಇದೆ, ಜನ ದಾಟುತ್ತಾರೆ, ಬಸ್ ಸ್ಟಾಪೂ ಒಳಗೇ! ಒಬ್ಬ ಅಜ್ಜಿ ಸಂತೆ ಚೀಲ ಹಿಡಿದು ಅಲ್ಲಿ ಆರಾಮಾಗಿ ನಿಂತಿದ್ದರು. ನಾವು ಇಳಿದು ಕಲ್ಲಿನ ಮೆಟ್ಟಿಲು ಹತ್ತಿದೆವು. ಹತ್ತಿ ಹೊರಗೆ ತಲೆ ಹಾಕಿದರೆ ಬಿಸಿಲು, ಹೂಕುಂಡ, ಐಸ್‌ಕ್ರೀಮ್ ಗಾಡಿ, ಗಿಟಾರು. ಬಿಲದಿಂದ ಇಲಿ ಎದ್ದ ಹಾಗೆ ಎದ್ದೆವು.

ಆ ಸುರಂಗದ ರಸ್ತೆ ಮೊದಲು ಹೊಳೆ. ಊರು ಹುಟ್ಟಿದ್ದು ಬೆಳ್ಳಿ ಸಿಕ್ಕಿದ್ದಕ್ಕೆ, 16ನೇ ಶತಮಾನದ ನಡುವೆ. ಬೆಳ್ಳಿ ಸಮತಟ್ಟು ಜಾಗ ನೋಡಿ ಸಿಗುವುದಿಲ್ಲ. ಹಾಗಾಗಿ ಇಕ್ಕಟ್ಟು ಕಣಿವೆ, ನಡುವೆ ಹೊಳೆ, ಹೊಳೆಯ ಮೇಲೇ ಸೇತುವೆ, ಸೇತುವೆ ಮೇಲೇ ಮನೆ. ಮಳೆ ಜೋರಾದರೆ ಊರಿಗೆ ಊರೇ ಮುಳುಗುತ್ತಿತ್ತು. ಪ್ರತಿ ದೊಡ್ಡ ನೆರೆಯ ನಂತರ ಜನ ನೆಲ ಎತ್ತರಿಸಿಕೊಂಡರು, ಹಳೆಯದು ಕೆಳಗೆ ಉಳಿಯಿತು. ಪೇಟೆಯ ಮಧ್ಯದಲ್ಲಿರುವ ಸ್ಯಾನ್ ದಿಯೆಗೊ ಚರ್ಚಿನ ಅಡಿಯಲ್ಲಿ ಹೀಗೆ ಹೂತುಹೋದ ಹಳೆಯ ಮಠದ ಕಮಾನುಗಳನ್ನು ಈಗಲೂ ಇಳಿದು ನೋಡಬಹುದು. 1905ರ ನೆರೆ ಬಹಳ ಕೆಟ್ಟದ್ದು. ಆಮೇಲೆ ಪೊನ್ಸಿಯಾನೊ ಆಗಿಲಾರ್ ಅನ್ನುವ ಎಂಜಿನಿಯರ್ ಗುಡ್ಡ ಕೊರೆದು ನೀರಿಗೆ ಬೇರೆ ದಾರಿ ಮಾಡಿಕೊಟ್ಟ. ಆ ಸುರಂಗ 1908ರದು. ಗಣಿ ಊರಲ್ಲವೇ, ಕೊರೆಯುವುದು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಹೊಳೆಯ ಹಳೆ ಪಾತ್ರ ಸುಮ್ನೆ ಬಿದ್ದಿತ್ತು, 1960ರ ದಶಕದಲ್ಲಿ ಅದನ್ನೇ ರಸ್ತೆ ಮಾಡಿದರು.

ಇಂಹೆ ಇದನ್ನೆಲ್ಲ ಹೇಳುತ್ತಿರುವಾಗಲೇ ಹೆಂಡತಿಯಿಂದ ವಾಟ್ಸಾಪಿನಲ್ಲಿ ವಿಡಿಯೊ ಬಂತು. ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ, ಡೆಕ್ಕನ್ ಹತ್ತಿರದ ಭಿಡೆ ಸೇತುವೆ ಮುಳುಗಿದೆ, ನದಿಪಾತ್ರದ ರಸ್ತೆ ಬಂದ್. ನನಗೆ ನಗು ಬಂತು. ನಾವೂ ಮುಠಾ ನದಿಯ ಪಾತ್ರದಲ್ಲಿ ರಸ್ತೆ ಮಾಡಿದ್ದೇವೆ, ಆದರೆ ನೀರಿಗೆ ಬೇರೆ ದಾರಿ ತೋರಿಸಿಲ್ಲ. ಜುಲೈ ಬಂದರೆ ನದಿ ತನ್ನ ಜಾಗ ತಾನು ತಗೊಳ್ಳುತ್ತದೆ. 1961ರ ಜುಲೈ 12ರಂದು ಪಾನ್‌ಶೇತ್ ಅಣೆಕಟ್ಟು ಒಡೆದ ಕಥೆಯನ್ನು ಪುಣೆಯ ಹಳಬರು ಇನ್ನೂ ಹೇಳುತ್ತಾರೆ, ನೀರು ಎಲ್ಲೀವರೆಗೆ ಬಂದಿತ್ತು ಅಂತ ಗೋಡೆ ಮುಟ್ಟಿ ತೋರಿಸುತ್ತಾರೆ. ವಿಡಿಯೊವನ್ನು ಇಂಹೆಗೆ ತೋರಿಸಿದೆ. ಅವನು ಗಂಭೀರವಾಗಿ ನೋಡಿ, "ನಿಮಗೆ ಒಂದು ಸುರಂಗ ಬೇಕು" ಅಂದ.

ಊರು ಸುಮಾರು 2,000 ಮೀಟರ್ ಎತ್ತರದಲ್ಲಿದೆ. ಪುಣೆಯ 560 ಮೀಟರಿಗೆ ಒಗ್ಗಿದ ಎದೆ ಮೂವತ್ತನೇ ಮೆಟ್ಟಿಲಿಗೆ ಉಬ್ಬಸ ಬಿಟ್ಟಿತು. ಕಾಯೆಹೋನ್ ಅನ್ನುತ್ತಾರೆ ಅಲ್ಲಿನ ಓಣಿಗಳಿಗೆ. ಗಾಡಿ ಹೋಗುವುದಿಲ್ಲ, ಕೆಲವದರಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಮುತ್ತಿಕ್ಕುವ ಓಣಿ ಅಂತ ಒಂದಿದೆ, ಎದುರುಬದುರು ಮನೆಗಳ ಬಾಲ್ಕನಿ ಮೂತಿಗೆ ಮೂತಿ ತಾಗುವಷ್ಟು ಹತ್ತಿರ. ಶ್ರೀಮಂತರ ಹುಡುಗಿ, ಬಡ ಗಣಿ ಕೆಲಸಗಾರ, ಸಿಟ್ಟಿನ ಅಪ್ಪ, ಕೊಲೆ. ಕಥೆ ನಿಮಗೆ ಗೊತ್ತೇ ಇದೆ, ನಮ್ಮ ಕಡೆಯೂ ಇದೆ. ಮೂರನೇ ಮೆಟ್ಟಿಲ ಮೇಲೆ ನಿಂತು ಜೋಡಿಗಳು ಮುತ್ತು ಕೊಟ್ಟರೆ ಏಳು ವರ್ಷ ಅದೃಷ್ಟವಂತೆ. ಉದ್ದ ಸಾಲು. ಹೆಂಡತಿ ಚಿಂಚವಡದಲ್ಲಿ, ಪಕ್ಕದಲ್ಲಿ ಇಂಹೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮುಂದೆ ನಡೆದೆವು.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದ ಗುಡ್ಡಕ್ಕೆ ಹಗ್ಗದ ರೈಲಿನಲ್ಲಿ ಹತ್ತಬಹುದು, ಹುವಾರೆಸ್ ನಾಟಕಶಾಲೆಯ ಹಿಂದಿನಿಂದ. ತುದಿಯಲ್ಲಿ ಪೀಪಿಲಾ ಅನ್ನುವವನ ದೊಡ್ಡ ಕಲ್ಲಿನ ಮೂರ್ತಿ, ಕೈಯಲ್ಲಿ ಪಂಜು. ಅವನ ಕಥೆಯಲ್ಲೇ ಊರಿನ ಇತಿಹಾಸ ಇದೆ. 1810ರ ಸೆಪ್ಟೆಂಬರ್‌ನಲ್ಲಿ ಪಾದ್ರಿ ಮಿಗೆಲ್ ಇದಾಲ್ಗೊ ಸ್ಪೇನ್ ವಿರುದ್ಧ ದಂಗೆ ಎಬ್ಬಿಸಿದಾಗ ಇಲ್ಲಿನ ಸ್ಪೇನ್ ಮಂದಿ ಖಜಾನೆ ಸಮೇತ ಧಾನ್ಯದ ಉಗ್ರಾಣದೊಳಗೆ ಸೇರಿಕೊಂಡು ಬಾಗಿಲು ಹಾಕಿಕೊಂಡರು. ಅಲೊಂದಿಗಾ ಅಂತ ಆ ಕಟ್ಟಡ, ಇನ್ನೂ ಇದೆ, ಕೋಟೆಯ ಹಾಗೆ. ಜನ ಹಸಿದಿದ್ದ ಕಾಲ. ಹಗೇವಿನ ಮೇಲೆ ಕೂತು ಬಂದೂಕು ಹಿಡಿದರೆ ಸುಮ್ಮನಿರುತ್ತಾರೆಯೇ? ಸೆಪ್ಟೆಂಬರ್ 28ರಂದು ಒಬ್ಬ ಗಣಿ ಕೆಲಸಗಾರ ಬೆನ್ನಿಗೆ ಕಲ್ಲು ಚಪ್ಪಡಿ ಕಟ್ಟಿಕೊಂಡು, ಗುಂಡುಗಳನ್ನು ಚಪ್ಪಡಿಗೆ ಬಿಟ್ಟು, ಬಗ್ಗಿ ಬಗ್ಗಿ ಹೋಗಿ ಮರದ ಬಾಗಿಲಿಗೆ ಬೆಂಕಿ ಇಟ್ಟ. ಅವನು ನಿಜವಾಗಿ ಇದ್ದನೋ ಇಲ್ಲವೋ ಅಂತ ಇತಿಹಾಸಕಾರರು ಜಗಳಾಡುತ್ತಾರೆ. ಅಪ್ಪನಿಗೆ ಅನುಮಾನವೇ ಇಲ್ಲ. "ಬಗ್ಗಿ ನಡಿಯೂದು ಗಣಿಯಾವನಿಗೆ ಯಾರು ಹೇಳಿ ಕೊಡಬೇಕು? ಬೆನ್ನಿಗೆ ಕಲ್ಲು ಹೇರೂದೂ ದಿನಾ ಇದ್ದದ್ದ" ಅಂದರು.

ಅದು ಸರಿಯೇ. ಆ ಕಾಲದಲ್ಲಿ ಅದಿರಿನ ಚೀಲ ಬೆನ್ನಿಗೆ ಹೊತ್ತು ನೂರಾರು ಮೆಟ್ಟಿಲು ಹತ್ತಿ ಮೇಲೆ ತರುವವರೇ ಬೇರೆ ಇದ್ದರು, ತೆನಾತೆರೊ ಅಂತ.

ಮುಂದಿನ ವರ್ಷ ಇದಾಲ್ಗೊ ಮತ್ತು ಮೂವರು ಜೊತೆಗಾರರನ್ನು ಕೊಂದು, ನಾಲ್ಕು ತಲೆಗಳನ್ನು ಕಬ್ಬಿಣದ ಪಂಜರದಲ್ಲಿಟ್ಟು ಅದೇ ಉಗ್ರಾಣದ ನಾಲ್ಕು ಮೂಲೆಗೆ ತೂಗುಹಾಕಿದರು. ಸ್ವಾತಂತ್ರ್ಯ ಬಂದ 1821ರವರೆಗೂ ಅಲ್ಲೇ ಇದ್ದವು. ಹತ್ತು ವರ್ಷ! ಮೂಲೆಗಳಲ್ಲಿ ಕೊಕ್ಕೆ ಇನ್ನೂ ಇದೆ, ಪಕ್ಕದಲ್ಲಿ ಹೆಸರು. ನಮ್ಮ ನರಗುಂದದಲ್ಲಿ 1858ರಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆಯನ್ನು ಅಗಸೆಗೆ ಕಟ್ಟಿದ್ದನ್ನು ಶಾಲೆಯಲ್ಲಿ ಮೇಷ್ಟ್ರು ಕುಣಿದಾಡಿ ಹೇಳುತ್ತಿದ್ದರು. ಇಲ್ಲಿ ಆ ಕೊಕ್ಕೆಯ ಕೆಳಗೆ ನಿಂತಾಗ ಕುಣಿಯುವಂತೇನೂ ಅನ್ನಿಸಲಿಲ್ಲ.

ಮಮ್ಮಿಗಳ ಮ್ಯೂಸಿಯಮ್ಮಿಗೆ ನಾನು ಹೋಗಲಿಲ್ಲ. ಎಲ್ಲರೂ ಹೋಗುತ್ತಾರೆ. 1865ರಿಂದ ಸುಮಾರು ನೂರು ವರ್ಷ ಅಲ್ಲಿ ಗೋರಿಗೂ ಬಾಡಿಗೆ ಇತ್ತು. ಮನೆಯವರು ಕಟ್ಟದಿದ್ದರೆ ಹೆಣ ಹೊರಗೆ ತೆಗೆಯುತ್ತಿದ್ದರು. ಒಣ ಗಾಳಿಗೆ ಕೆಲವು ಕೊಳೆಯದೆ ಹಾಗೇ ಒಣಗಿದ್ದವು, ಅವನ್ನು ಸಾಲಾಗಿ ನಿಲ್ಲಿಸಿ ಟಿಕೆಟ್ ಇಟ್ಟಿದ್ದಾರೆ. ಬಾಡಿಗೆ ಕಟ್ಟಲಾಗದವರು ಯಾರಿರುತ್ತಾರೆ ಹೇಳಿ? ಹೊರಗೆ ಮಮ್ಮಿ ಆಕಾರದ ಸಕ್ಕರೆ ಮಿಠಾಯಿ ಮಾರುತ್ತಾರೆ, ಚರಮುಸ್ಕಾ ಅಂತ. ಮಗಳಿಗೆ ಅಂತ ಎರಡು ತಗೊಂಡೆ. ಒಂದರ ಕಾಲು ಮುಂಬೈ ವಿಮಾನ ನಿಲ್ದಾಣದಲ್ಲಿ ಮುರಿಯಿತು.

ಎರಡನೇ ದಿನ ವಲೆನ್ಸಿಯಾನಾಕ್ಕೆ ಹೋದೆವು, ಊರ ಮೇಲಿನ ಗುಡ್ಡದಲ್ಲಿದೆ. 18ನೇ ಶತಮಾನದಲ್ಲಿ ಜಗತ್ತಿನಲ್ಲಿ ಬೆಳ್ಳಿ ತೆಗೆಯುವುದರಲ್ಲಿ ಗ್ವಾನಹ್ವಾತೊನೇ ಮುಂದು, ಅದರಲ್ಲಿ ದೊಡ್ಡ ಗಣಿ ಇದು. ಗಣಿಯ ಪಕ್ಕ ಅದರ ಹಣದಲ್ಲೇ ಕಟ್ಟಿದ ಗುಲಾಬಿ ಕಲ್ಲಿನ ಚರ್ಚು, ಒಳಗೆ ಮೂರು ಗೋಡೆ ಚಿನ್ನದ ರೇಕು. ಮೆಕ್ಸಿಕೊದ ಬೆಳ್ಳಿ ಹಡಗು ಹತ್ತಿ ನಮ್ಮ ಕಡೆಗೂ ಬರುತ್ತಿತ್ತು, ಅರಿವೆಗೆ, ಮಸಾಲೆಗೆ ಬದಲಾಗಿ. ಇಲ್ಲಿನ ಟಂಕಸಾಲೆಗಳಲ್ಲಿ ಕರಗಿ ರೂಪಾಯಿ ಆಗುತ್ತಿತ್ತು. ಅಜ್ಜಿಯ ಬೆಳ್ಳಿ ಡಾಬು ನೆನಪಾಯಿತು. ಅದರಲ್ಲಿ ಯಾವ ಊರಿನ ಬೆಳ್ಳಿ ಇತ್ತೋ.

ಬೆಳ್ಳಿ ಬಿಡಿಸುವ ರೀತಿ ಕೇಳಿ ಮೈ ಜುಮ್ಮೆಂದಿತು. ಪುಡಿ ಮಾಡಿದ ಅದಿರನ್ನು ಅಂಗಳದಲ್ಲಿ ಕೆಸರಿನ ಹಾಗೆ ಹರಡಿ, ಉಪ್ಪು, ಪಾದರಸ ಹಾಕಿ, ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುತ್ತಿದ್ದರು. ನಮ್ಮಲ್ಲಿ ಕಣದಲ್ಲಿ ಎತ್ತು ತುಳಿಸುತ್ತಿದ್ದ ಹಾಗೆ. ಆದರೆ ಕಾಲಡಿ ಜೋಳವಲ್ಲ, ಪಾದರಸ.

ಒಂದು ಹಳೆಯ ಗಣಿ ಬಾಯಿಯೊಳಗೆ ಪ್ರವಾಸಿಗಳನ್ನು ಬಿಡುತ್ತಾರೆ. ತಲೆಗೆ ಹೆಲ್ಮೆಟ್ ಕೊಟ್ಟರು. ಬಂಡೆಯಲ್ಲೇ ಕಡಿದ ಮೆಟ್ಟಿಲು, ಸವೆದು ನಡುವೆ ತಗ್ಗಾಗಿವೆ, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಇಪ್ಪತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ವಾಸನೆ ಬಂತು. ತೇವದ ಕಲ್ಲು, ಸ್ವಲ್ಪ ಕಬ್ಬಿಣ, ಸ್ವಲ್ಪ ಬೆವರು. ಚಿಕ್ಕವನಿದ್ದಾಗ ನೈಟ್ ಶಿಫ್ಟ್ ಮುಗಿಸಿ ಅಪ್ಪ ಬಂದಾಗ ಬಾಗಿಲ ಹಿಂದೆ ತೂಗುಹಾಕುತ್ತಿದ್ದ ಅಂಗಿಯ ವಾಸನೆ. ನಲವತ್ತಾರು ವರ್ಷದ ನಾನು ಅಲ್ಲೇ ಗೋಡೆ ಹಿಡಿದು ನಿಂತೆ. ಮುಂದಿದ್ದ ಇಂಹೆ ತಿರುಗಿ, ಹೆದರಿಕೆಯಾ ಅಂತ ಕೇಳಿದ. ಹೂಂ ಅಂದೆ, ವಿವರಿಸಲು ಇಬ್ಬರ ಇಂಗ್ಲಿಷೂ ಸಾಲುತ್ತಿರಲಿಲ್ಲ. ಹಟ್ಟಿಯಲ್ಲಿ ಬೆಳೆದೂ ನಾನು ಒಮ್ಮೆಯೂ ಗಣಿಗೆ ಇಳಿದವನಲ್ಲ. "ಓದು, ಇಲ್ಲಾಂದ್ರ ಕೆಳಗ ಹೋಗ್ತಿ" ಅನ್ನುವುದು ನಮ್ಮ ಓಣಿಯಲ್ಲಿ ಎಲ್ಲ ಮನೆಯ ಬೆದರಿಕೆ. ಓದಿದೆ. ಓದಿ, 1,000 ಪೆಸೊ ಜೇಬಿನಲ್ಲಿಟ್ಟುಕೊಂಡು, ಟಿಕೆಟ್ ತಗೊಂಡು ಕೆಳಗೆ ಹೋದೆ.

ಗೈಡ್ ದೀಪ ಆರಿಸಿದ. ಯಾರೋ ಹುಡುಗಿ ನಕ್ಕಳು, ಆಮೇಲೆ ನಗಲಿಲ್ಲ. ಒಂದೇ ಕಡೆ ನೀರು ತೊಟ್ಟಿಕ್ಕುತ್ತಿತ್ತು.

ಮೇಲೆ ಬಂದು ಫೋನ್ ಮಾಡಿದೆ. ಅಲ್ಲಿ ಬೆಳಗಿನ 11 ಗಂಟೆ, ಪುಣೆಯಲ್ಲಿ ರಾತ್ರಿ ಹತ್ತೂವರೆ. ಅಪ್ಪ ಎದ್ದೇ ಇದ್ದರು. 'ನರಕದ ಬಾಯಿ' ಅಂತ ಹೆಸರಿನ ಶಾಫ್ಟ್, ಅಂದರೆ ಗಣಿಯ ಬಾವಿ, ಒಂದಿದೆ, 600 ಮೀಟರ್ ಆಳವಂತೆ ಅಂದೆ. "ಫೂಟಿನ್ಯಾಗ ಹೇಳು" ಅಂದರು. ಸುಮಾರು 2,000 ಫೂಟು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಲ್ಲಪ್ಪ ಶಾಫ್ಟ್ ಏನ್ ಕಡಿಮಿ ಇಲ್ಲ ಬಿಡು. ನಾವ್ ಅದಕ್ಕ ನರಕ ಅನ್ನಲಿಲ್ಲ, ಅಷ್ಟ" ಅಂದರು. ಆಮೇಲೆ, "ಕಲ್ಲು ಸಿಕ್ರ ಒಂದು ತಗೊಂಡು ಬಾ."

ಊಟದ ಬಗ್ಗೆ ಹೇಳದಿದ್ದರೆ ಧಾರವಾಡದ ಅಕ್ಕ ಬಿಡುವುದಿಲ್ಲ. ನಾನು ಮಾಂಸ ತಿನ್ನುವುದಿಲ್ಲ. ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಮಾಂತೆಕಾ. ಮಾಂಸ ಬೇಡ, ಕೋಳಿ ಬೇಡ, ಹಂದಿ ಕೊಬ್ಬು ಬೇಡ. ಮೂರನೆಯದು ಮುಖ್ಯ, ಬರೀ ಕಾಳಿನ ಪಲ್ಯದಲ್ಲೂ ಅದು ಇರುತ್ತದೆ. ಮೊದಲ ದಿನ ಎರಡನ್ನೇ ಹೇಳಿದ್ದೆ. ಏನು ತಿಂದೆ ಅಂತ ನನಗೂ ಗೊತ್ತಿಲ್ಲ, ಮನೆಯಲ್ಲಿ ಹೇಳಬೇಡಿ.

ಇದಾಲ್ಗೊ ಮಾರ್ಕೆಟ್ 1910ರ ಕಬ್ಬಿಣದ ದೊಡ್ಡ ಕಟ್ಟಡ, ರೈಲ್ವೆ ಸ್ಟೇಷನ್ನಿನ ಹಾಗಿದೆ. ಅದರ ಹೊರಗೆ ಒಬ್ಬ ಹೆಂಗಸು ಹಂಚಿನ ಮುಂದೆ ಕೂತಿದ್ದರು. ನಿಂಬೆ ಗಾತ್ರದ ಹಿಟ್ಟಿನ ಉಂಡೆ ಅಂಗೈಯಲ್ಲಿ ಇಟ್ಟು ಎರಡೂ ಕೈಯಲ್ಲಿ ತಟ್ಟುತ್ತಾರೆ. ಪಟ್ ಪಟ್ ಪಟ್. ತಿರುಗಿಸುತ್ತಾ ತಟ್ಟಿ, ಅಂಚು ಬಿರಿದರೆ ಹೆಬ್ಬೆರಳಿನಿಂದ ಒತ್ತಿ, ಹಂಚಿಗೆ ಹಾಕುತ್ತಾರೆ. ಕಣ್ಣು ಮುಚ್ಚಿದರೆ ನಮ್ಮ ಅವ್ವನ ಅಡುಗೆಮನೆ. ಆದರೆ ಜೋಳವಲ್ಲ, ಗೋವಿನಜೋಳ. ಅದನ್ನು ಸುಣ್ಣದ ನೀರಿನಲ್ಲಿ ಕುದಿಸಿ, ಸಿಪ್ಪೆ ತೊಳೆದು, ಹಸಿಯಾಗಿಯೇ ಬೀಸುತ್ತಾರೆ. ಸುಣ್ಣ ಅಂದಾಗ ಹೆಂಡತಿ ನಂಬಲೇ ಇಲ್ಲ. ಆ ಹಿಟ್ಟಿಗೆ ಎಣ್ಣೆ ಇಲ್ಲದೆ ಬಾಗುವ ಗುಣ ಬರುವುದೇ ಅದರಿಂದ. ಎನ್ಚಿಲಾದಾ ಮಿನೆರಾ ಅಂದರೆ ಗಣಿಯವರ ಊಟ: ರೊಟ್ಟಿಯನ್ನು ಕೆಂಪು ಮೆಣಸಿನಕಾಯಿ ಸಾರಿನಲ್ಲಿ ಅದ್ದಿ ಬಿಸಿ ಮಾಡಿ, ಒಳಗೆ ಚೀಸು ಈರುಳ್ಳಿ, ಮೇಲೆ ಹುರಿದ ಆಲೂಗಡ್ಡೆ, ಗಜ್ಜರಿ. ಆ ಮೆಣಸಿನಕಾಯಿ ಗ್ವಾಹಿಯೊ ಅಂತ. ಥೇಟ್ ಬ್ಯಾಡಗಿ! ಬಣ್ಣ ಜಾಸ್ತಿ, ಖಾರ ಕಡಿಮೆ. ಆಶ್ಚರ್ಯವೇನಿಲ್ಲ, ಮೆಣಸಿನಕಾಯಿ ಹುಟ್ಟೂರೇ ಆ ಕಡೆ, ಪೋರ್ಚುಗೀಸರ ಹಡಗಿನಲ್ಲಿ ನಮಗೆ ಬಂದದ್ದು. ಬ್ಯಾಡಗಿಯವರ ಮುಂದೆ ಮಾತ್ರ ಇದನ್ನು ಹೇಳುವ ಧೈರ್ಯ ನನಗಿಲ್ಲ.

ಕಲ್ಲನ್ನು ವಲೆನ್ಸಿಯಾನಾದಲ್ಲಿ ಒಬ್ಬ ಹುಡುಗನಿಂದ ತಗೊಂಡೆ. ಮುಷ್ಟಿ ಗಾತ್ರ, ಬಿಳಿ ಬೆಣಚುಕಲ್ಲು, ನಡುವೆ ಹಳದಿ ಮಿಣುಕು, ಒಂದು ಬದಿ ಕಪ್ಪು ಗೆರೆ. ಬೆಳ್ಳಿ, ಶುದ್ಧ ಬೆಳ್ಳಿ ಅಂತ ಆಣೆ ಮಾಡಿದ. 100 ಪೆಸೊ.

ಆ ಭಾನುವಾರ ಎಲ್ಲರೂ ಚಹಾ ಮುಗಿಸಿ ಹೋದ ಮೇಲೆ ಅಪ್ಪ ಅದನ್ನು ಬಾಲ್ಕನಿಗೆ ಒಯ್ದರು. ಲೋಟದಿಂದ ನೀರು ಸುರಿದು ತೊಳೆದರು. ಕಲ್ಲು ಒದ್ದೆಯಾದಾಗಲೇ ಅದರೊಳಗಿನದು ಕಾಣುವುದಂತೆ. ಕನ್ನಡಕ ಹಣೆಗೆ ಏರಿಸಿ, ಕಣ್ಣಿಗೆ ಎರಡು ಬೆರಳು ದೂರ ಹಿಡಿದು, ನಿಧಾನವಾಗಿ ತಿರುಗಿಸಿದರು. ಉಗುರಿನಿಂದ ಕಪ್ಪು ಗೆರೆ ಕೆರೆದರು, ಉಗುರು ನೋಡಿಕೊಂಡರು. ಮಗಳು ಉಸಿರು ಹಿಡಿದು ನಿಂತಿದ್ದಳು.

"ಎಷ್ಟ್ ಕೊಟ್ಟಿ?"

"ಸುಮಾರು ಐನೂರು ರೂಪಾಯಿ."

ಅಪ್ಪ ಮಗಳ ಕೈಗೆ ಕಲ್ಲು ಕೊಟ್ಟರು. "ಬೆಳ್ಳಿ ಅಲ್ಲ ಇದು, ಪೈರೈಟ್. ಹಟ್ಟ್ಯಾಗ ಇಂಥಾವನ್ನ ರಸ್ತಾಕ್ಕ ಹಾಸ್ತಿದ್ರವ್ವಾ. ನಿಮ್ಮಪ್ಪ ಅದರ ಮ್ಯಾಲ ಸೈಕಲ್ ಕಲ್ತಾನ."